ಯಾದೃಚ್ಛಿಕ ಅಂದ್ರೇನ್ರೀ?

ನಮ್ಮ ಊರಿನ ಅಂಚೆ ಕಚೇರಿಯ ಕಂಪ್ಯೂಟರಿಗೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಯಾರಾದರೂ ಒಬ್ಬರು ಅರ್ಥ ಹೇಳಬೇಕು. ಹೇಳುವ ತನಕ ಅದು ಏಳುವುದಿಲ್ಲ. ಕಪ್ಪು ಪರದೆಯ ನಡುವೆ ಮೂರು ಇಂಗ್ಲಿಷ್ ಅಕ್ಷರ ತೋರಿಸಿಕೊಂಡು ಸುಮ್ಮನೆ ಕೂತಿರುತ್ತದೆ. ಒಂದು ದಿನ ಸಿಪಿಯು ಅನ್ನುತ್ತದೆ, ಇನ್ನೊಂದು ದಿನ ಯುಎಸ್‌ಬಿ, ಮತ್ತೊಂದು ದಿನ ಪಿಡಿಎಫ್. ಎದುರಿಗೆ ನಿಂತವರು ಆ ಅಕ್ಷರಗಳ ಹಿಂದಿರುವ ಪೂರ್ತಿ ಮಾತು ಯಾವುದು, ಆ ಮಾತಿನ ಅರ್ಥವೇನು ಅಂತ ಬಾಯಿಬಿಟ್ಟು ಹೇಳಬೇಕು. ಬರಿ ಬಾಯಿಪಾಠ ಒಪ್ಪಿಸಿದರೆ ಪರದೆ ಮಿಸುಕುವುದಿಲ್ಲ. ತಿಳಿದು ಹೇಳಿದರೆ ಬೆಳಕಾಗುತ್ತದೆ. ರೇಷನ್ ಅಂಗಡಿಯದೂ ಹೀಗೆಯೇ, ನೇಕಾರರ ಸಂಘದ್ದೂ, ಹೈಸ್ಕೂಲಿನದೂ, ಆಸ್ಪತ್ರೆಯದೂ. ಬೇರೆ ಊರುಗಳಲ್ಲಿ ಹಾಗಿಲ್ಲವಂತೆ, ಗುಂಡಿ ಒತ್ತಿದರೆ ಸಾಕಂತೆ. ಅದನ್ನು ಕೇಳಿದಾಗ ನಮ್ಮವರಿಗೆ ಆ ಊರಿನವರ ಬಗ್ಗೆ ಅಯ್ಯೋ ಪಾಪ ಅನ್ನಿಸುತ್ತದೆ.

ನಾನು ಪ್ರೇಮಲತಾ ಹೂಗಾರ. ಪೇಟೆ ಬೀದಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದೆ. ಊರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಕೂರಿಸಲು ಪಟ್ಟಣದಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಪರದೆಯ ಮೇಲೆ ಸಿಪಿಯು ಅಂತ ಬಂತು. ಅವನು ನಗುತ್ತಾ ‘ಸೆಂಟ್ರಲ್ ಪ್ರೊಸೆಸಿಂಗ್ ಯೂನಿಟ್’ ಅಂದ. ಏನೂ ಆಗಲಿಲ್ಲ. ಗಟ್ಟಿಯಾಗಿ ಅಂದ. ಆಗಲಿಲ್ಲ. ಸಂಜೆಯ ತನಕ ಅದನ್ನೇ ಅಂದು ಅಂದು ಅವನ ಗಂಟಲು ಕಟ್ಟಿತು. ನೋಡಲು ಬಂದ ಗುಂಪಿನಲ್ಲಿ ನಾನೂ ಇದ್ದೆ. ಮದುವೆ ಮನೆಯ ಪಾಕಶಾಲೆಯ ನಡುವೆ ನಿಂತಿರುವ ದೊಡ್ಡ ಬಾಣಸಿಗ ನನ್ನ ಕಣ್ಣ ಮುಂದೆ ಬಂದ. ‘ಎಲ್ಲರೂ ಅವನ ಹತ್ತಿರವೇ ಬಂದು ಮುಂದೇನು ಅಂತ ಕೇಳುತ್ತಾರೆ. ಅವನು ಹಸಿಯದನ್ನು ತೆಗೆದುಕೊಂಡು ಬೆಂದದ್ದನ್ನು ಕೊಡುತ್ತಾನೆ. ಅವನು ನಿಂತರೆ ಇಡೀ ಮನೆ ನಿಂತಂತೆ. ಇದು ಅವನೇ’ ಅಂದೆ. ಪರದೆ ಬೆಳ್ಳಗೆ ಬೆಳಗಿತು. ಎಂಜಿನಿಯರ್ ನನಗೆ ಕೈಮುಗಿದು ಸಂಜೆಯ ಬಸ್ಸಿಗೇ ಹೊರಟುಹೋದ.

ಅಲ್ಲಿಂದ ಹದಿನಾರು ವರ್ಷ ನಾನು ಊರಿನ ‘ಅರ್ಥದ ಅಕ್ಕೋರು’. ಹೊಸ ಯಂತ್ರ ಬಂದರೆ ಮೊದಲ ಮಾತು ನನ್ನದು. ಜನರೂ ತಮ್ಮ ತಮ್ಮ ಕೆಲಸಕ್ಕೆ ಬೇಕಾದದ್ದನ್ನು ಕಲಿತುಕೊಂಡರು, ಕಲಿತದ್ದಷ್ಟೇ ಅಲ್ಲ, ಅದರಲ್ಲಿ ಹೆಮ್ಮೆಯನ್ನೂ ಪಟ್ಟರು. ಬಸ್ ನಿಲ್ದಾಣದ ಕಂಡಕ್ಟರ್ ಒಬ್ಬ ಯುಎಸ್‌ಬಿಗೆ ‘ಯೂನಿವರ್ಸಲ್ ಸೀರಿಯಲ್ ಬಸ್ ಅಂದ್ರ, ಯಾವ ಊರಿನವ್ರು ಬಂದ್ರೂ ಹತ್ತಿಸ್ಕೊಳ್ಳೋ ಬಸ್ಸು, ಆದ್ರ ಒಬ್ಬರ ಹಿಂದ ಒಬ್ಬರು ಸಾಲಾಗಿ ಹತ್ತಬೇಕು’ ಅಂದಿದ್ದ; ನಿಲ್ದಾಣದ ಯಂತ್ರ ಆ ಮಾತಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತ್ತು. ಲೈನ್‌ಮನ್ ಮುದಕಪ್ಪ ಯುಪಿಎಸ್‌ನ ಹುಲಿ. ‘ಕರೆಂಟ್ ಹೋತು ಅನ್ನೋದನ್ನ ಮಷೀನಿಗೆ ತಿಳೀದಂಗ ನೋಡ್ಕೊಳ್ಳೋದ್ರಿ ಅದು. ಮನ್ಯಾಗ ಹಿರೇರು ತೀರಿದ್ರ ಬಾಣಂತಿಗೆ ಹೇಳದ ಮುಚ್ಚಿಡ್ತಾರಲ್ಲ, ಹಂಗ’ ಅನ್ನುತ್ತಿದ್ದ. ಅವನು ಹೀಗೆ ಅಂದಾಗ ನಗದವರಿಲ್ಲ, ಏಳದ ಯಂತ್ರವೂ ಇಲ್ಲ. ಹೆಣ್ಣು ನೋಡಲು ಬಂದವರು ‘ಹುಡುಗಿಗೆ ಎಷ್ಟು ಅರ್ಥ ಬರ್ತಾವು?’ ಅಂತ ಕೇಳುವುದು ರೂಢಿಯಾಯಿತು. ನನ್ನ ಟೈಪಿಂಗ್ ಶಾಲೆ ಅರ್ಥದ ಶಾಲೆಯಾಯಿತು. ಸಂಜೆ ಐದರಿಂದ ಏಳು, ಬೆಂಚು ತುಂಬ ಜನ.

ಈಗ ನನ್ನ ಗುಟ್ಟು ಹೇಳುತ್ತೇನೆ. ನನಗೆ ರ‍್ಯಾಮ್ ಗೊತ್ತಿರಲಿಲ್ಲ.

ರ‍್ಯಾಂಡಮ್ ಆಕ್ಸೆಸ್ ಮೆಮರಿ ಅನ್ನುವುದು ಬರುತ್ತಿತ್ತು. ಒಂದು ದಪ್ಪ ಪುಸ್ತಕದಲ್ಲಿ ಅದಕ್ಕೆ ‘ಯಾದೃಚ್ಛಿಕ ಪ್ರವೇಶ ಸ್ಮೃತಿ’ ಅಂತ ಕನ್ನಡವೂ ಇತ್ತು. ನಾನು ಅದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಆದರೆ ಯಾವ ಯಂತ್ರವೂ ಆ ಮೂರು ಪದಕ್ಕೆ ಏಳಲಿಲ್ಲ. ಮೊದಲ ಸಲ ರೇಷನ್ ಅಂಗಡಿಯಲ್ಲಿ ಹೀಗಾದಾಗ ಹಿಂದೆ ಇಪ್ಪತ್ತು ಜನ ಚೀಲ ಹಿಡಿದು ನಿಂತಿದ್ದರು. ‘ರ‍್ಯಾಮ್ ಅಂತ ಬಂದ್ರ ಮಷೀನಿಗೆ ಇನ್ನೂ ನಿದ್ದಿ ಬಿಟ್ಟಿಲ್ಲ ಅಂತ ಅರ್ಥ. ಆರಿಸಿ ಮತ್ತ ಹಚ್ರಿ’ ಅಂದುಬಿಟ್ಟೆ. ಆರಿಸಿ ಹಚ್ಚಿದರು. ಯುಆರ್‌ಎಲ್ ಅಂತ ಬಂತು. ಅದು ನನಗೆ ಗೊತ್ತಿತ್ತು, ಹೇಳಿದೆ, ಎದ್ದಿತು. ಜನ ತಲೆದೂಗಿದರು. ಅಂದಿನಿಂದ ಊರಿಗೆ ಊರೇ ರ‍್ಯಾಮ್ ಕಂಡರೆ ‘ನಿದ್ದಿ ಬಿಟ್ಟಿಲ್ಲ’ ಅನ್ನುತ್ತಾ ಆರಿಸಿ ಹಚ್ಚತೊಡಗಿತು. ನಾನು ಹೇಳಿದ ಒಂದು ಸುಳ್ಳು ಊರಿನ ಪದ್ಧತಿಯಾಗಿ ನಿಂತಿತು. ವರ್ಷ ಕಳೆದಂತೆ ಅದು ಸುಳ್ಳು ಅನ್ನುವುದು ನನಗೂ ಮರೆತಂತಾಯಿತು.

ದ್ಯಾಮವ್ವ ನನ್ನ ಶಾಲೆಗೆ ಬಂದದ್ದು ಮೂರು ವರ್ಷದ ಹಿಂದೆ. ಆಸ್ಪತ್ರೆಯಲ್ಲಿ ಕಸ ಗುಡಿಸಿ ನೆಲ ಒರೆಸುವ ಹೆಂಗಸು, ನಲವತ್ತೈದರ ಆಸುಪಾಸು, ಎತ್ತರದ ಆಳು. ಕೈಗೆ ಯಾವಾಗಲೂ ಫಿನಾಯಿಲ್ ವಾಸನೆ. ಓದು ಬರಹ ಇಲ್ಲ. ಕೊನೆಯ ಬೆಂಚಿನಲ್ಲಿ ಸೀರೆಯ ಸೆರಗು ಸುತ್ತಿಕೊಂಡು ಕೂರುತ್ತಿದ್ದಳು. ಉಳಿದವರು ಬರೆದುಕೊಂಡು ಗುಂಪಾಗಿ ರಾಗ ಎಳೆದು ಹೇಳುವಾಗ ಅವಳ ತುಟಿ ಅಲುಗುತ್ತಿರಲಿಲ್ಲ. ಎಲ್ಲರೂ ಮುಗಿಸಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆ ಕೇಳುತ್ತಿದ್ದಳು. ಮೊದಮೊದಲು ನನಗೆ ಅದು ಚಂದವೇ ಅನ್ನಿಸುತ್ತಿತ್ತು. ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಲ್ಯಾನ್ ಹೇಳಿಕೊಟ್ಟ ದಿನ ‘ಹಂಗಾರ ನಮ್ಮ ದವಾಖಾನ್ಯಾಗ ಗ್ವಾಡಿ ಹಿಡದು ಹೋಗೋ ನೀಲಿ ವೈರು ಅದ ಏನ್ರಿ? ನಾ ದಿನಾ ಅದರ ಮ್ಯಾಲಿನ ಧೂಳ ಒರಸ್ತೀನಿ’ ಅಂತ ಕೇಳಿದ್ದಳು. ಹೌದು ಅಂದಾಗ ಮುಖ ಅರಳಿತ್ತು.

ಎರಡು ತಿಂಗಳಿಗೆ ರ‍್ಯಾಮ್ ಪಾಠ ಬಂತು. ನಾನು ಕೆಂಪು ಶಾಯಿಯ ಸಾಲನ್ನು ಬೋರ್ಡಿನ ಮೇಲೆ ಬರೆದು ಮೂರು ಸಲ ಹೇಳಿಸಿದೆ. ದ್ಯಾಮವ್ವ ಎದ್ದಳು.

‘ಅಕ್ಕೋರ, ಯಾದೃಚ್ಛಿಕ ಅಂದ್ರೇನ್ರೀ?’

‘ರ‍್ಯಾಂಡಮ್ ಅಂತ.’

‘ರ‍್ಯಾಂಡಮ್ ಅಂದ್ರ?’

‘ಯಾದೃಚ್ಛಿಕ.’

ಯಾರೋ ಕಿಸಕ್ಕನೆ ನಕ್ಕರು. ನನಗೆ ಅವಳನ್ನು ನೋಡಿ ನಕ್ಕರೋ ನನ್ನನ್ನು ನೋಡಿ ನಕ್ಕರೋ ತಿಳಿಯಲಿಲ್ಲ.

‘ಅಲ್ರೀ ಅಕ್ಕೋರ, ನನಗ ಬರಿಯಾಕ ಬರಂಗಿಲ್ಲ. ತಿಳದ್ರ ಮಾತ್ರ ನೆನಪಿರ್ತೈತಿ. ತಿಳೀವಂಗ ಹೇಳ್ರಿ.’

‘ಬರಿಯಾಕ ಬರದಾಕಿಗೆ ಇದೆಲ್ಲಾ ಯಾಕ ಬೇಕು ದ್ಯಾಮವ್ವಾ? ಉಳಿದವರ ಹೊತ್ತು ಕೆಡಿಸಬ್ಯಾಡ. ನಿನ್ನ ಕೆಲಸ ನೀ ನೋಡ್ಕೋ ಹೋಗು’ ಅಂದೆ.

ಅವಳು ಸಿಟ್ಟು ಮಾಡಲಿಲ್ಲ. ಬಾಗಿಲ ಹತ್ತಿರ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೋದಳು, ಮತ್ತೆ ಬರಲಿಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕಾಗ ಅವಳು ನಮಸ್ಕಾರ ಮಾಡುತ್ತಿದ್ದಳು. ನಾನು ಸೈಕಲ್ ನಿಲ್ಲಿಸದೆ ತಲೆ ಅಲ್ಲಾಡಿಸುತ್ತಿದ್ದೆ.

ಹೋದ ವರ್ಷ ನಮ್ಮ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ಬಂತು. ಮನುಷ್ಯನನ್ನು ಒಳಗೆ ಮಲಗಿಸಿ ತಲೆಯ ಒಳಗಿನದನ್ನೆಲ್ಲಾ ಕಂಪ್ಯೂಟರಿನಲ್ಲಿ ತೋರಿಸುವ ದೊಡ್ಡ ಯಂತ್ರ. ಇಂಥ ಊರಿಗೆ ಇಂಥ ಯಂತ್ರವೇ ಅಂತ ಸುತ್ತಲಿನವರು ಹೊಟ್ಟೆಕಿಚ್ಚು ಪಟ್ಟರು. ಮೊದಲ ದಿನ ಅದು ಕೇಳಿದ್ದು ಸಿಪಿಯು. ನಾನು ರೇಷ್ಮೆ ಸೀರೆ ಉಟ್ಟು ಹೋಗಿ ಹೇಳಿ ಬಂದೆ. ಅದನ್ನು ಆರಿಸುವ ಹಾಗಿಲ್ಲ, ಆರಿಸಿದರೆ ಮತ್ತೆ ಕಾದು ಸಿದ್ಧವಾಗಲು ಮುಕ್ಕಾಲು ಗಂಟೆ ಬೇಕು ಅಂತ ಡಾಕ್ಟರ್ ಶಮೀಮ್ ಹೇಳಿದ್ದರು. ಅವರು ನಮ್ಮ ಆಸ್ಪತ್ರೆಯ ಸರ್ಜನ್, ಮಾತು ಕಡಿಮೆ, ಕೈ ಚುರುಕು. ಎಂಟು ತಿಂಗಳು ಯಂತ್ರ ಆರಲಿಲ್ಲ.

ಮುಂಗಾರಿನ ಮೊದಲ ಗುಡುಗಿನ ದಿನ ಅದು ಆರಿತು. ಮಧ್ಯಾಹ್ನ ಎರಡು ಗಂಟೆಗೆ ಕೆರೆಯ ಪಕ್ಕದ ಟ್ರಾನ್ಸ್‌ಫಾರ್ಮರಿಗೆ ಸಿಡಿಲು ಬಡಿಯಿತು. ಆಸ್ಪತ್ರೆಯ ಜನರೇಟರ್ ಹತ್ತಿಕೊಂಡಿತಾದರೂ ಆ ನಡುವಿನ ಒಂದು ಗಳಿಗೆಯಲ್ಲಿ ಊರಿನ ಎಲ್ಲ ಯಂತ್ರಗಳೂ ಒಟ್ಟಿಗೆ ಮಲಗಿದವು. ಮಳೆ ನಿಂತ ಕೂಡಲೇ ನಾನು ಸೈಕಲ್ ಹತ್ತಿ ಹೊರಟೆ. ಅಂಚೆ ಕಚೇರಿ ಮುಗಿಸಿ ನೇಕಾರರ ಸಂಘದಲ್ಲಿದ್ದೆ. ಅಷ್ಟರಲ್ಲಿ ಆಸ್ಪತ್ರೆಯ ಜವಾನ ಓಡಿಬಂದ. ‘ಅಕ್ಕೋರ, ಲಗೂನ ಬರ್ರಿ. ಮುದಕಪ್ಪ ಕಂಬದ ಮ್ಯಾಲಿಂದ ಬಿದ್ದಾನ.’

ಟ್ರಾನ್ಸ್‌ಫಾರ್ಮರಿನ ಹತ್ತಿರ ತಂತಿ ಕೂಡಿಸಲು ಹತ್ತಿದ್ದವನ ಕಾಲು ಒದ್ದೆ ಕಂಬದಲ್ಲಿ ಜಾರಿತ್ತು. ತಲೆ ಕಲ್ಲಿಗೆ ಬಡಿದಿತ್ತು. ಬಿದ್ದ ಮೇಲೆ ತಾನೇ ಎದ್ದು ಕೂತು ‘ಏನಾಗಿಲ್ಲ, ನೀರು ಕೊಡ್ರಿ’ ಅಂದನಂತೆ. ಆಸ್ಪತ್ರೆಗೆ ತರುವಷ್ಟರಲ್ಲಿ ಮಾತು ತೊದಲತೊಡಗಿತ್ತು. ನಾನು ಹೋದಾಗ ಮಾತೇ ನಿಂತಿತ್ತು. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು.

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಅವನ ಹೆಂಡತಿ ಕಸ್ತೂರೆವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. ‘ಅಕ್ಕೋರು ಬಂದ್ರು. ಇನ್ನ ನನಗ ಅಂಜಿಕಿಲ್ಲ’ ಅಂದಳು. ಸುತ್ತ ನಿಂತವರೂ ದಾರಿ ಬಿಟ್ಟು ‘ಬಂದ್ರು, ಬಂದ್ರು’ ಅಂದರು. ಆ ಹೊತ್ತಿನಲ್ಲೂ ನನ್ನ ಎದೆ ಉಬ್ಬಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಯಂತ್ರವನ್ನು ನೋಡಿಕೊಳ್ಳುವ ಹುಡುಗ ಅಕ್ಕನ ಮದುವೆಗೆ ರಜೆ ಹಾಕಿದ್ದ. ಡಾಕ್ಟರ್ ಶಮೀಮ್ ತಾವೇ ನಡೆಸುವುದಾಗಿ ನಿಂತಿದ್ದರು. ‘ತಲೆ ಒಳಗೆ ರಕ್ತ ಸೋರ್ತಿದೆ ಅಂತ ಅನುಮಾನ. ಎಲ್ಲಿ, ಎಷ್ಟು ಅಂತ ಕಂಡ್ರೆ ಇಲ್ಲೇ ತೂತು ಕೊರೆದು ತೆಗೀತೀನಿ. ಕಾಣದೆ ಕೈ ಹಾಕೋ ಹಾಗಿಲ್ಲ. ಬೇಗ ಹೇಳಿ ಅಕ್ಕೋರೇ’ ಅಂದರು. ನಾನು ಕಂಪ್ಯೂಟರಿನ ಮುಂದೆ ನಿಂತೆ. ಪರದೆಯ ನಡುವೆ ಮೂರು ಅಕ್ಷರ.

ರ‍್ಯಾಮ್.

‘ರ‍್ಯಾಂಡಮ್ ಆಕ್ಸೆಸ್ ಮೆಮರಿ’ ಅಂದೆ. ‘ಯಾದೃಚ್ಛಿಕ ಪ್ರವೇಶ ಸ್ಮೃತಿ’ ಅಂದೆ. ಪರದೆ ಕಪ್ಪಾಗಿಯೇ ಇತ್ತು. ನೆನಪಿನ ಶಕ್ತಿ ಅಂದೆ, ತಾತ್ಕಾಲಿಕ ಅಂದೆ, ಬಾಯಿಗೆ ಬಂದದ್ದನ್ನೆಲ್ಲಾ ಅಂದೆ. ಹಿಂದಿನಿಂದ ಜವಾನ ನನ್ನದೇ ಮಾತನ್ನು ನನಗೆ ನೆನಪಿಸಿದ. ‘ನಿದ್ದಿ ಬಿಟ್ಟಿಲ್ಲ ಅಕ್ಕೋರ. ಆರಿಸಿ ಹಚ್ಚಬೇಕಲ್ಲ?’

‘ಆರಿಸಿದ್ರೆ ಮುಕ್ಕಾಲು ಗಂಟೆ’ ಅಂದರು ಡಾಕ್ಟರ್. ‘ಅವನ ಹತ್ರ ಅಷ್ಟು ಹೊತ್ತಿಲ್ಲ.’

ಕಸ್ತೂರೆವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ನೋಟದಲ್ಲಿ ಅನುಮಾನ ಅನ್ನುವುದು ಇನ್ನೂ ಇರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಹದಿನಾರು ವರ್ಷ ನಾನು ಕಾಪಾಡಿಕೊಂಡು ಬಂದ ಹೆಸರು ಒಂದು ಕಡೆ, ಮಂಚದ ಮೇಲೆ ಉಸಿರು ಎಳೆಯುತ್ತಿರುವ ಮುದಕಪ್ಪ ಇನ್ನೊಂದು ಕಡೆ. ‘ಯಂತ್ರ ಕೆಟ್ಟಿದೆ’ ಅಂದುಬಿಟ್ಟಿದ್ದರೆ ಎಲ್ಲರೂ ನಂಬುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಹೊರಗೆ ಪಡಸಾಲೆಯಲ್ಲಿ ಯಾರೋ ಬಕೆಟ್ ಎಳೆದ ಸದ್ದಾಯಿತು. ಮಳೆಯ ನೀರು ಒಳಗೆ ಬಂದಿದ್ದನ್ನು ದ್ಯಾಮವ್ವ ಒರೆಸುತ್ತಿದ್ದಳು.

ನಾನು ಹೊರಗೆ ಹೋದೆ. ಅಲ್ಲಿ ಮೂವತ್ತು ನಲವತ್ತು ಜನ ನೆರೆದಿದ್ದರು, ಅದರಲ್ಲಿ ಅರ್ಧ ನನ್ನ ವಿದ್ಯಾರ್ಥಿಗಳು.

‘ದ್ಯಾಮವ್ವಾ, ಯಾದೃಚ್ಛಿಕ ಅಂದ್ರೇನು ಅಂತ ನೀವು ಕೇಳಿದ್ರಿ. ನನಗೆ ಗೊತ್ತಿಲ್ಲ. ಅವತ್ತೂ ಗೊತ್ತಿರಲಿಲ್ಲ. ಮಷೀನಿಗೆ ನಿದ್ದಿ ಬಿಟ್ಟಿಲ್ಲ ಅಂದದ್ದು ಸುಳ್ಳು. ಈಗ ಒಳಗೆ ಅದನ್ನೇ ಕೇಳಾಕತ್ತೈತಿ. ನಿಮಗೇನಾದ್ರೂ ತಿಳಿದಿದ್ರ ಬಂದು ಹೇಳ್ರಿ’ ಅಂದೆ.

ದ್ಯಾಮವ್ವ ಒರೆಸುವ ಕೋಲನ್ನು ಗೋಡೆಗೆ ಆನಿಸಿದಳು. ‘ಗೊತ್ತಿಲ್ಲ ಅಂತ ಅವತ್ತ ಹೇಳಿದ್ರ ಆಗ್ತಿತ್ತಲ್ರೀ ಅಕ್ಕೋರ. ಇಬ್ರೂ ಕೂಡಿ ಯಾರನ್ನರ ಕೇಳ್ಕೊಂಡು ಬರ್ತಿದ್ವಿ’ ಅಂದಳು. ಅಷ್ಟೇ. ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಿಂದೆ ಒಳಗೆ ಬಂದಳು.

ಪರದೆಯ ಮುಂದೆ ನಿಂತು ಮೊದಲು ಮುದಕಪ್ಪನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ‘ಒಂದೊಂದ ಮಾತು ಬಿಡಿಸಿ ಹೇಳ್ರಿ. ಮೆಮರಿ ಅಂದ್ರ ನೆನಪು, ಅದು ಗೊತ್ತೈತಿ. ಆಕ್ಸೆಸ್ ಅಂದ್ರ?’

‘ಹೋಗಿ ಮುಟ್ಟೋದು. ಬೇಕಾದ್ದನ್ನ ಕೈಗೆ ತಗೊಳ್ಳೋದು.’

‘ರ‍್ಯಾಂಡಮ್?’

‘ಸಾಲು ಹಿಡಿಯದೆ ಅಂತ ಡಿಕ್ಷನರಿಯಲ್ಲಿ ನೋಡಿದ್ದೆ. ಕ್ರಮ ಇಲ್ಲದೆ. ಆದ್ರ ಕ್ರಮ ಇಲ್ಲದ ನೆನಪು ಅಂದ್ರ ಏನು ಅಂತ ನನಗೆ ತಿಳೀಲೇ ಇಲ್ಲ. ಅದು ಗೊಂದಲ ಅಲ್ಲೇನು?’

ದ್ಯಾಮವ್ವ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವ ಹಾಗೆ ಶುರು ಮಾಡಿದಳು. ‘ಈ ಮಷೀನ್ ನೋಡ್ಕೊಳ್ಳೋ ತಮ್ಮಗ ನಾ ಒಂದಿನ ಕೇಳಿದ್ದೆ. ಕರೆಂಟ್ ಹೋದ್ರ ರ‍್ಯಾಮ್ ಖಾಲಿ ಆಕ್ಕೈತಿ, ಅಷ್ಟ ನನಗ ಗೊತ್ತು ದ್ಯಾಮವ್ವಾ ಅಂದಿದ್ದ. ಅರ್ಧಾ ಅವನ ಹತ್ರ ಇತ್ತು. ಇನ್ನರ್ಧಾ ಈಗ ನೀವು ಕೊಟ್ರಿ.’ ಅವಳು ಪರದೆಯತ್ತ ತಿರುಗಿದಳು. ಈಗ ದನಿ ಗಟ್ಟಿಯಾಯಿತು. ‘ನೋಡು, ನಮ್ಮ ವಾರ್ಡಿನ್ಯಾಗ ಮೂವತ್ತು ಮಂಚ ಅದಾವು. ಹದಿನೇಳನೇ ಮಂಚದಾಗ ಅಜ್ಜಿ ನೀರು ಕೇಳ್ತಾಳ. ನಾ ಏನು ಒಂದನೇ ಮಂಚದಿಂದ ಎಣಿಸಿಕೋತ ಹೋಗ್ತೀನೇನು? ಇಲ್ಲ. ಸೀದಾ ಹದಿನೇಳಕ್ಕ. ಅಲ್ಲಿಂದ ಮೂರನೇ ಮಂಚ ಕರದ್ರ ಸೀದಾ ಮೂರಕ್ಕ. ಸಾಲು ಹಿಡಿಯಂಗಿಲ್ಲ. ಯಾವ ಮಂಚ ಆದ್ರೂ ನನಗ ಅಷ್ಟ ದೂರ, ಅಷ್ಟ ಹೊತ್ತು. ಯಾವ ಮಂಚದಾಗ ಯಾರು, ಯಾರಿಗೆ ಬಿಸಿನೀರು, ಯಾರಿಗೆ ತಣ್ಣೀರು, ಕೆಲಸದ ಮ್ಯಾಲಿದ್ದಾಗ ಎಲ್ಲಾ ನನ್ನ ತಲ್ಯಾಗ ಇರ್ತೈತಿ. ಕೆಲಸ ಮುಗಿಸಿ ಮನಿಗೆ ಹೋಗಿ ಮಲಗಿದ್ನೆಂದ್ರ ಒಂದೂ ನೆನಪಿರಂಗಿಲ್ಲ, ಖಾಲಿ. ಮರುದಿನ ಹೊಸಾ ಮಂದಿ, ಹೊಸಾ ನೆನಪು. ಯಾವ ಜಾಗಕ್ಕ ಬೇಕಾದ್ರೂ ಸೀದಾ ಹೋಗಿ ಮುಟ್ಟೋ ನೆನಪು. ಎಚ್ಚರ ಇರೂತನ ಮಾತ್ರ ಇರೂ ನೆನಪು. ಇಷ್ಟಪಾ ನಿನ್ನ ಅರ್ಥ. ಏಳು, ಮುದಕಪ್ಪನ ತಲಿ ನೋಡು.’

ಅವಳ ಮಾತು ಮುಗಿಯುವ ಮೊದಲೇ ಪರದೆಯ ಅಂಚಿನಲ್ಲಿ ಬೆಳಕು ಹರಿದಿತ್ತು. ‘ಏಳು’ ಅನ್ನುವಾಗ ಇಡೀ ಪರದೆ ಬೆಳ್ಳಗಾಯಿತು. ಡಾಕ್ಟರ್ ಶಮೀಮ್ ನಮ್ಮನ್ನೆಲ್ಲಾ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಎಡಗಡೆ ಕಿವಿಯ ಮೇಲೆ, ಬುರುಡೆ ಮತ್ತು ಮಿದುಳಿನ ನಡುವೆ ರಕ್ತ ಕಟ್ಟಿತ್ತಂತೆ. ಅರ್ಧ ಗಂಟೆಯೊಳಗೆ ಡಾಕ್ಟರ್ ಬುರುಡೆಗೆ ಸಣ್ಣ ತೂತು ಕೊರೆದು ಅದನ್ನು ತೆಗೆದರು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂತ ಆಮೇಲೆ ಹೇಳಿದರು. ಸಂಜೆ ಐದರ ಹೊತ್ತಿಗೆ ಅವರು ಹೊರಗೆ ಬಂದು ಕಸ್ತೂರೆವ್ವನ ಭುಜದ ಮೇಲೆ ಕೈ ಇಟ್ಟು ‘ಬದುಕಿದ’ ಅಂದರು. ಕಸ್ತೂರೆವ್ವ ಅಳುತ್ತಾ ನನ್ನನ್ನು ದಾಟಿಕೊಂಡು ಹೋಗಿ ದ್ಯಾಮವ್ವನ ಕಾಲು ಹಿಡಿದಳು. ದ್ಯಾಮವ್ವ ಅವಳನ್ನು ಎಬ್ಬಿಸಿ, ‘ನೆಲ ಹಸಿ ಐತಿ ತಂಗಿ, ಸೀರಿ ತೊಯ್ತಾವು’ ಅಂದಳು.

ನಾನು ಗೋಡೆಯ ಬದಿಯ ಬೆಂಚಿನ ಮೇಲೆ ಕೂತಿದ್ದೆ. ಯಾರೂ ನನ್ನ ಹತ್ತಿರ ಬರಲಿಲ್ಲ. ಯಾರೂ ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ನನ್ನ ವಿದ್ಯಾರ್ಥಿಗಳು ದ್ಯಾಮವ್ವನ ಸುತ್ತ ನಿಂತು ಮಂಚದ ಮಾತನ್ನು ಮತ್ತೊಮ್ಮೆ ಹೇಳಿಸಿಕೊಳ್ಳುತ್ತಿದ್ದರು. ಅವರು ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಅವರ ಮುಖಗಳನ್ನು ನೋಡುತ್ತಾ ಕೂತಂತೆ ನನ್ನೊಳಗೆ ಒಂದು ವಿಚಿತ್ರ ಆಯಿತು. ನಾಚಿಕೆ ನಿಧಾನಕ್ಕೆ ಇಳಿದು, ಅದೇ ಜಾಗದಲ್ಲಿ ಹೆಮ್ಮೆ ಏರತೊಡಗಿತು. ಹದಿನಾರು ವರ್ಷ ನನ್ನ ಬಗ್ಗೆ ಪಟ್ಟ ಹೆಮ್ಮೆ ಅಲ್ಲ. ಇಂಥ ಹೆಂಗಸು ಇರುವ ಊರು ನನ್ನದು ಅನ್ನುವ ಹೆಮ್ಮೆ. ಆ ಎರಡರ ರುಚಿ ಬೇರೆ ಬೇರೆ ಅನ್ನುವುದು ನನಗೆ ಐವತ್ತೆಂಟನೇ ವಯಸ್ಸಿನಲ್ಲಿ ತಿಳಿಯಿತು.

ಮರುದಿನ ನಾನು ದ್ಯಾಮವ್ವನ ಮನೆಗೆ ಹೋದೆ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ‘ಶಾಲೆಯಲ್ಲಿ ಪಾಠ ನೀವು ಹೇಳಬೇಕು. ಇಂಗ್ಲಿಷ್ ಮಾತು ಬಿಡಿಸಿ ಕೊಡೋದು ನಾ ಮಾಡ್ತೀನಿ’ ಅಂದೆ. ಅವಳು ಒಪ್ಪಲಿಲ್ಲ. ‘ನನಗ ಗೊತ್ತಿರೋದು ಮೂರೋ ನಾಕೋ. ಉಳಿದದ್ದು ಗೊತ್ತಿಲ್ಲ’ ಅಂದಳು. ‘ನನಗೂ ಗೊತ್ತಿಲ್ಲ’ ಅಂದೆ. ಆ ಮಾತನ್ನು ಎರಡನೇ ಸಲ ಹೇಳುವುದು ಮೊದಲಿನಷ್ಟು ಕಷ್ಟವಾಗಲಿಲ್ಲ. ಅವಳು ನಕ್ಕು, ರೊಟ್ಟಿ ಬಡಿದು, ಒಂದು ನನ್ನ ಕೈಗೆ ಹಾಕಿದಳು. ಸಂಜೆ ಐದಕ್ಕೆ ಬಂದಳು. ಅವತ್ತು ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತವಳು ನಾನು. ಕೆಂಪು ಶಾಯಿಯ ಪುಸ್ತಕ ತೆಗೆದು, ಅದರಲ್ಲಿ ನನಗೆ ನಿಜಕ್ಕೂ ತಿಳಿಯದ ಹದಿಮೂರು ಮಾತುಗಳನ್ನು ಒಂದೊಂದಾಗಿ ಎಲ್ಲರ ಮುಂದೆ ಓದಿದೆ. ಈಗ ಅದರಲ್ಲಿ ಎಂಟು ಬಿಡಿಸಿದ್ದೇವೆ. ಐದು ಇನ್ನೂ ಉಳಿದಿವೆ, ಉಳಿದಿವೆ ಅಂತ ಬಾಗಿಲ ಮೇಲೆ ಬರೆದು ಹಾಕಿದ್ದೇವೆ.

ಎರಡು ತಿಂಗಳ ಮೇಲೆ ಮುದಕಪ್ಪ ತಲೆಗೆ ಟೋಪಿ ಹಾಕಿಕೊಂಡು ನಡೆದು ಬಂದ. ಕಂಬ ಹತ್ತಬೇಡ ಅಂದಿದ್ದಾರೆ, ಕಚೇರಿಯ ಕೆಲಸ ಕೊಟ್ಟಿದ್ದಾರೆ. ಆಗೀಗ ಒಂದೊಂದು ಮಾತು ಹುಡುಕಬೇಕಾಗುತ್ತದೆ ಅವನಿಗೆ. ಆದರೆ ಬಾಣಂತಿಯ ಮಾತು ಮರೆತಿಲ್ಲ.

ಈ ಸುದ್ದಿ ಹೇಗೋ ಮೇಲಿನ ಕಚೇರಿಗೆ ಮುಟ್ಟಿತು. ಒಂದು ಸೋಮವಾರ ಅಲ್ಲಿಂದ ಒಬ್ಬ ಸಾಹೇಬರು ವರದಿ ಬರೆದುಕೊಳ್ಳಲು ಬಂದರು. ಒಳ್ಳೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಛಾಪಿಸಿದ ಫಾರಂ. ಡಾಕ್ಟರ್ ಶಮೀಮ್ ಅವರ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಪೆನ್ನು ತೆಗೆದರು. ನನ್ನನ್ನು ನೋಡಿ ‘ಇಲ್ಲಿಯ ಶಿಕ್ಷಕಿ ನೀವೇ ಅಲ್ಲವೇ?’ ಅಂದರು.

‘ಅಲ್ಲ. ಇವರು’ ಅಂದೆ, ಪಕ್ಕದಲ್ಲಿ ನಿಂತಿದ್ದ ದ್ಯಾಮವ್ವನನ್ನು ತೋರಿಸಿ. ‘ಎರಡು ತಿಂಗಳು ನನ್ನ ಹತ್ತಿರ ಕಲಿಯೋಕೆ ಬಂದಿದ್ದರು. ನಾನು ಹೊರಗೆ ಹಾಕಿದೆ. ಈಗ ನಾನು ಇವರ ಹತ್ತಿರ ಕಲೀತೀನಿ. ಅದನ್ನೂ ಬರೆದುಕೊಳ್ಳಿ.’

ಸಾಹೇಬರು ದ್ಯಾಮವ್ವನನ್ನು ಮೇಲಿನಿಂದ ಕೆಳಗೆ ನೋಡಿದರು. ನೀಲಿ ಸೀರೆ, ಕೈಯಲ್ಲಿ ರಬ್ಬರ್ ಕೈಗವಸು. ‘ಹುದ್ದೆ?’ ಅಂದರು. ಉತ್ತರಕ್ಕೆ ಕಾಯದೆ ತಾವೇ ಬರೆಯುತ್ತಾ, ‘ಗ್ರೂಪ್ ಡಿ’ ಅಂದರು.

‘ಡಿ ಅಂದ್ರೇನ್ರೀ ಸಾಹೇಬ್ರ?’ ಅಂತ ಕೇಳಿದಳು ದ್ಯಾಮವ್ವ.

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಅವಳು ಎಲ್ಲರನ್ನೂ ಕೇಳುವುದೇ ಹಾಗೆ. ಸಾಹೇಬರ ಪೆನ್ನು ನಿಂತಿತು. ‘ಡಿ ಅಂದರೆ… ಎ, ಬಿ, ಸಿ ಆದ ಮೇಲೆ ಡಿ ಅಲ್ಲವೇ, ಅಷ್ಟೇ’ ಅಂದರು.

‘ಅಂದ್ರ ಅದು ಯಾವ ಮಾತಿನ ಮೊದಲ ಅಕ್ಷರಾನೂ ಅಲ್ಲ?’

‘ಅಲ್ಲ.’

‘ಅರ್ಥ ಇಲ್ಲ ಅದಕ್ಕ?’

ಸಾಹೇಬರು ಡಾಕ್ಟರ್ ಕಡೆ ನೋಡಿದರು. ಡಾಕ್ಟರ್ ಶಮೀಮ್ ಕಿಟಕಿಯ ಹೊರಗೆ ನೋಡುತ್ತಿದ್ದರು, ಅವರ ತುಟಿ ಬಿಗಿದಿತ್ತು. ಬಾಗಿಲಲ್ಲಿ ನರ್ಸುಗಳು, ಜವಾನ, ಇಬ್ಬರು ಮೂವರು ರೋಗಿಗಳು ಬಂದು ನಿಂತಿದ್ದರು. ಅಲ್ಲಿದ್ದ ಒಬ್ಬರೂ ನಗಲಿಲ್ಲ. ನಮ್ಮ ಊರಿನಲ್ಲಿ ಅರ್ಥ ಕೇಳುವಾಗ ಈಗ ಯಾರೂ ನಗುವುದಿಲ್ಲ.

‘ಇಲ್ಲ’ ಅಂದರು ಸಾಹೇಬರು ಕೊನೆಗೆ, ಮೆಲ್ಲಗೆ.

‘ಹಂಗಾರ ಅದನ್ನ ಬಿಡ್ರಿ’ ಅಂದಳು ದ್ಯಾಮವ್ವ. ‘ನಾ ಏನು ಮಾಡ್ತೀನಿ ಅದನ್ನ ಬರೀರಿ. ದವಾಖಾನಿ ಸ್ವಚ್ಛ ಇಡ್ತೀನಿ, ಸಂಜಿಕ ಅರ್ಥ ಹೇಳ್ತೀನಿ. ಹೆಸರೂ ತುಂಡು ಮಾಡಬ್ಯಾಡ್ರಿ, ಪೂರ್ತಿ ಬರೀರಿ. ದ್ಯಾಮವ್ವ ಗಂಡ ಹನುಮಪ್ಪ ತಳವಾರ.’

ಖಾನೆ ಸಣ್ಣದಿತ್ತು. ಸಾಹೇಬರು ‘ಗ್ರೂಪ್ ಡಿ’ ಅನ್ನುವುದರ ಮೇಲೆ ಗೆರೆ ಎಳೆದರು. ಅಕ್ಷರ ಚಿಕ್ಕದು ಮಾಡಿ, ಖಾನೆಯ ಆಚೆಗೂ ಈಚೆಗೂ ಹಾಯಿಸಿ, ಅಂಚಿನ ಖಾಲಿ ಜಾಗವನ್ನೂ ತುಂಬಿ, ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಬರೆದರು. ಬರೆದು ಮುಗಿಸಿ ಫಾರಂ ಅನ್ನು ಅವಳ ಕಡೆ ತಿರುಗಿಸಿದರು. ದ್ಯಾಮವ್ವ ಅದನ್ನು ನನ್ನ ಕೈಗೆ ಕೊಟ್ಟಳು. ನಾನು ಎದ್ದು ನಿಂತು, ಬಾಗಿಲಲ್ಲಿ ನಿಂತವರಿಗೆಲ್ಲಾ ಕೇಳಿಸುವ ಹಾಗೆ, ಮೊದಲಿನಿಂದ ಕೊನೆಯ ತನಕ ಓದಿದೆ.